ತಂತಾನೇ ಒಡೆದ ಗಡಿಗೆ

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಟೀಮು ಆಗ ಚಿಲಿ ದೇಶದ ಸಾಂತಿಯಾಗೊ ನಗರದ ಕ್ಲೈಂಟ್ ಒಬ್ಬರಿಗೆ ಕೆಲಸ ಮಾಡ್ತಿತ್ತು. ಅವರಿಗೆ ಬೆಳಗಾಗೋ ಹೊತ್ತಿಗೆ ಬೆಂಗಳೂರಲ್ಲಿ ನಮಗೆ ಸಂಜೆ. ಒಂದು ಗುರುವಾರ ಸಂಜೆ, ಆಫೀಸ್ ಕ್ಯಾಬ್ ಎಲ್ಲಿ ತಪ್ಪಿಹೋಗುತ್ತೋ ಅನ್ನೋ ಗಡಿಬಿಡಿಯಲ್ಲಿ ಒಂದು ಸ್ಕ್ರಿಪ್ಟ್ ಓಡಿಸಿದೆ. ಟೆಸ್ಟ್ ಸರ್ವರ್ ಮೇಲೆ ಓಡಬೇಕಾಗಿದ್ದ ಅದು ಪ್ರೊಡಕ್ಷನ್ ಸರ್ವರ್ ಮೇಲೆ ಓಡಿತು. ಅರ್ಧ ಗಂಟೆ ಕಳೆದು ಚಿಲಿಯ ಸಹೋದ್ಯೋಗಿಯೊಬ್ಬರು ಅವರ ಕಡೆಯ ಎಲ್ಲರಿಗೂ ಒಂದು ಮೇಲ್ ಹಾಕಿದರು. ನಮಗೂ ಅದರ ಪ್ರತಿ ಬಂತು. ಇದ್ದದ್ದು ಒಂದೇ ಸಾಲು: ‘ಸೆ ಬೊರ್ರಾರೋನ್ ಲೋಸ್ ದಾತೋಸ್.’

ಆಗ ನಾನು ಮೊಬೈಲಿನಲ್ಲಿ ಸ್ಪ್ಯಾನಿಶ್ ಕಲಿಯೋಕೆ ಶುರು ಮಾಡಿ ಎರಡು ತಿಂಗಳಾಗಿತ್ತು. ‘ಬೊರ್ರಾರ್’ ಅಂದ್ರೆ ಅಳಿಸು. ‘ಲೋಸ್ ದಾತೋಸ್’ ಅಂದ್ರೆ ಡೇಟಾ. ‘ಸೆ’ ಅಂದ್ರೆ ‘ತನ್ನನ್ನು ತಾನು’ ಅಂತ ಆ ವಾರವಷ್ಟೇ ಬಾಯಿಪಾಠ ಮಾಡಿದ್ದೆ. ಮೂರನ್ನೂ ಕೂಡಿಸಿದರೆ ‘ಡೇಟಾ ತನ್ನನ್ನು ತಾನೇ ಅಳಿಸಿಕೊಂಡಿತು’! ಆ ಭಯದಲ್ಲೂ ನಗು ಬಂತು. ಆಮೇಲೆ ಅದನ್ನೇ ನಮ್ಮ ಮಾತಿಗೆ ತಂದು ನೋಡಿದೆ: ‘ಡೇಟಾ ಅಳಿಸಿಹೋಗಿದೆ.’ ಎದೆ ಸ್ವಲ್ಪ ತಣ್ಣಗಾಯ್ತು. ಯಾಕಂದ್ರೆ ಆ ವಾಕ್ಯದಲ್ಲಿ ನಾನಿರಲಿಲ್ಲ. ಯಾರೂ ಇರಲಿಲ್ಲ. ಆದರೆ ಮಾರನೇ ದಿನದ ಕಾಲ್‌ನಲ್ಲಿ ಮ್ಯಾನೇಜರ್ ಇಂಗ್ಲಿಷಿನಲ್ಲಿ ಕೇಳೋ ಮೊದಲ ಪ್ರಶ್ನೆ ಏನು ಅಂತ ಗೊತ್ತಿತ್ತು: ಅಳಿಸಿದ್ದು ಯಾರು?

ಅಂದ ಹಾಗೆ, ಮೇಲೆ ನಾನೇನು ಬರೆದೆ ಗಮನಿಸಿದ್ರಾ? ‘ಸ್ಕ್ರಿಪ್ಟ್ ಓಡಿಸಿದೆ’ ಅಂದವನು, ತಪ್ಪು ಜಾಗಕ್ಕೆ ಬಂದ ಕೂಡಲೇ ‘ಓಡಿತು’ ಅಂದುಬಿಟ್ಟೆ. ಈ ಕಲೆ ನನಗೆ ಹೊಸದಲ್ಲ. ಐದೋ ಆರೋ ವಯಸ್ಸಿನಲ್ಲಿ ಊರಲ್ಲಿ ಅಜ್ಜಿಯ ಮಜ್ಜಿಗೆ ಗಡಿಗೆ ನೆಲಕ್ಕೆ ಬಿದ್ದು ಚೂರಾದಾಗ ನಾನು ಹೇಳಿದ್ದೂ ಇಷ್ಟೇ: ‘ಒಡ್ದೋಯ್ತು ಕಣಜ್ಜಿ.’ ಅಜ್ಜಿ ಬಿಡಲಿಲ್ಲ. ‘ತಂತಾನೇ ಒಡ್ಕಣಕ್ಕೆ ಅದಕ್ಕೇನು ಜೀವ ಬಂದಿತ್ತೇನ್ಲಾ? ಯಾರ ಕೈಯಿಂದ ಒಡ್ದೋಯ್ತು, ಅದನ್ನ ಹೇಳು.’

ಸ್ಪ್ಯಾನಿಶ್ ಕಲಿಯೋರೆಲ್ಲ ಮುಗ್ಗರಿಸಿ ಬೀಳೋ ಜಾಗ ಈ ‘ಸೆ’. ಇಂಗ್ಲಿಷ್ ದಾರಿಯಿಂದ ಹೋದರೆ ಇದು ಬೆಟ್ಟದಂತೆ ಕಾಣುತ್ತೆ. ಕನ್ನಡದ ದಾರಿಯಿಂದ ಹೋದರೆ ಮೊದಲರ್ಧ ಇಳಿಜಾರು. ‘ಲಾವಾರ್’ ಅಂದ್ರೆ ತೊಳೆ, ‘ಲಾವಾರ್ಸೆ’ ಅಂದ್ರೆ ತೊಳ್ಕೊ. ‘ಪೊನೇರ್’ ಹಾಕು, ‘ಪೊನೇರ್ಸೆ’ ಹಾಕ್ಕೊ. ‘ಸೆಂತಾರ್’ ಕೂರಿಸು, ‘ಸೆಂತಾರ್ಸೆ’ ಕೂತ್ಕೊ. ‘ಅಕೊಸ್ತಾರ್’ ಮಲಗಿಸು, ‘ಅಕೊಸ್ತಾರ್ಸೆ’ ಮಲ್ಕೊ. ನನಗೆ ತುಂಬ ಇಷ್ಟವಾಗಿದ್ದು ‘ಕಸಾರ್’: ಪಾದ್ರಿಯೋ ಅಪ್ಪನೋ ಮದುವೆ ಮಾಡಿದರೆ ‘ಕಸಾರ್’, ನೀವೇ ಮದುವೆ ಮಾಡಿಕೊಂಡರೆ ‘ಕಸಾರ್ಸೆ’. ಜಗಳಕ್ಕೂ ಇದೇ ಲೆಕ್ಕ. ‘ಸೆ ಪೆಗಾರೋನ್’ ಅಂದ್ರೆ ಹೊಡೆದಾಡಿಕೊಂಡರು. ಒಬ್ಬರಿಗೊಬ್ಬರು ಅನ್ನೋ ಅರ್ಥವನ್ನೂ ನಮ್ಮ ‘ಕೊಳ್ಳು’ವಿನ ಹಾಗೇ ‘ಸೆ’ ಹೊತ್ತುಕೊಳ್ಳುತ್ತೆ.

ಇನ್ನೊಂದು ಸಣ್ಣ ಸೊಗಸಿದೆ. ‘ಮೆ ಲಾವೊ ಲಾಸ್ ಮಾನೋಸ್’ ಅಂದ್ರೆ ‘ಕೈ ತೊಳ್ಕೋತೀನಿ’. ಇಂಗ್ಲಿಷಿನವರು ‘ನನ್ನ ಕೈ’ ಅಂತ ಹೇಳಲೇಬೇಕು. ಸ್ಪ್ಯಾನಿಶ್‌ನವರಿಗೆ ‘ಮೆ’ ಬಂದ ಮೇಲೆ ಯಾರ ಕೈ ಅಂತ ಬಿಡಿಸಿ ಹೇಳೋ ಅಗತ್ಯವಿಲ್ಲ, ನಮಗೆ ‘ಕೊ’ ಬಂದ ಮೇಲೆ ಇಲ್ಲದ ಹಾಗೆ. ವ್ಯತ್ಯಾಸ ಒಂದೇ. ನಾವು ಯಾರಾದರೂ ಅದೇ ‘ಕೊ’ ಹಾಕಿ ಕೊನೆಯ ಪ್ರತ್ಯಯ ಬದಲಿಸ್ತೀವಿ. ಅವರು ಆ ಪುಟ್ಟ ಪದವನ್ನೂ ಆಳಿಗೆ ತಕ್ಕಂತೆ ಬದಲಿಸ್ತಾರೆ: ನಾನು ಆದರೆ ಮೆ, ನೀನು ಆದರೆ ತೆ, ನಾವು ಆದರೆ ನೋಸ್. ಅವನು, ಅವಳು, ಅವರು, ಮರ್ಯಾದೆಯ ನೀವು ಎಲ್ಲಕ್ಕೂ ಸೆ. ಸ್ಪೇನಿನಲ್ಲಿ ಸ್ನೇಹಿತರ ಗುಂಪಿಗೆ ‘ನೀವೆಲ್ಲ’ ಅನ್ನೋಕೆ ಓಸ್ ಅಂತ ಇನ್ನೊಂದಿದೆ, ಚಿಲಿಯಲ್ಲಿ ಆ ಜಾಗಕ್ಕೂ ಸೆ.

ನಮ್ಮ ‘ಕೊಳ್ಳು’ ಹುಟ್ಟಿದ್ದು ಒಂದು ಗಟ್ಟಿ ಕ್ರಿಯಾಪದವಾಗಿ. ಹಳಗನ್ನಡದ ಕೊಳ್ ಅಂದ್ರೆ ತೆಗೆದುಕೊ, ಹಿಡಿ. ಬಳಸಿ ಬಳಸಿ ಸವೆದು ಬಾಲವಾಯ್ತು. ಈಗ ‘ಕೊಂಡುಕೊಂಡೆ’ ಅಂತೀವಿ, ಒಂದೇ ಮಾತಲ್ಲಿ ಎರಡು ಸಲ ಕೊಳ್. ಸ್ಪ್ಯಾನಿಶ್‌ನ ‘ಸೆ’ಯ ಬೇರು ಬೇರೆ. ಅದು ಲ್ಯಾಟಿನ್ನಿನ ‘ಸೆ’ಯಿಂದ ಬಂದದ್ದು. ಆ ಲ್ಯಾಟಿನ್ ಪದ ಸಂಸ್ಕೃತದ ‘ಸ್ವ’ಕ್ಕೆ ಸಂಬಂಧಿ. ಸ್ವಂತ, ಸ್ವಯಂ ಅಂತ ನಾವು ದಿನಾ ಆಡೋ ಮಾತಿನಲ್ಲಿ ‘ಸೆ’ಯ ದಾಯಾದಿ ಕೂತಿದೆ.

ಸಂಸ್ಕೃತ ಪಾಠದಲ್ಲಿ ಪರಸ್ಮೈಪದ, ಆತ್ಮನೇಪದ ಅಂತ ಉರು ಹೊಡೆದದ್ದು ನೆನಪಿದೆಯಾ? ಕೆಲವು ಧಾತುಗಳ ವಿಷಯದಲ್ಲಿ ಪಾಣಿನಿ ಹೇಳೋ ನಿಯಮ ಸರಳ: ಕೆಲಸದ ಫಲ ಮಾಡಿದವನಿಗೇ ಸಿಗೋದಾದರೆ ಆತ್ಮನೇಪದ. ಬೇರೆಯವರಿಗೆ ಅಡುಗೆ ಮಾಡಿದರೆ ‘ಪಚತಿ’, ತನಗೇ ಮಾಡಿಕೊಂಡರೆ ‘ಪಚತೇ’. ಬೆಂಗಳೂರಲ್ಲಿ ರೂಮು ಮಾಡಿಕೊಂಡಿರೋ ಯಾವ ಬ್ಯಾಚುಲರ್‌ಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ‘ಅಡುಗೆ ಮಾಡ್ತೀನಿ’ ಬೇರೆ, ‘ಅಡುಗೆ ಮಾಡ್ಕೋತೀನಿ’ ಬೇರೆ.

ಲ್ಯಾಟಿನ್ನಿನಲ್ಲೂ ಇಂಥ ಏರ್ಪಾಡೊಂದಿತ್ತು. ಕ್ರಿಯಾಪದದ ಬಾಲಕ್ಕೆ ‘ರ್’ ಹತ್ತಿದರೆ ಅರ್ಥ ತಿರುಗುತ್ತಿತ್ತು. ‘ಅಮತ್’ ಅಂದ್ರೆ ಪ್ರೀತಿಸುತ್ತಾನೆ, ‘ಅಮತುರ್’ ಅಂದ್ರೆ ಪ್ರೀತಿಗೆ ಪಾತ್ರನಾಗಿದ್ದಾನೆ. ಸಾಮ್ರಾಜ್ಯ ಹೋದ ಮೇಲೆ ಲ್ಯಾಟಿನ್ ಒಡೆದು ಸ್ಪ್ಯಾನಿಶ್, ಫ್ರೆಂಚ್, ಇಟಾಲಿಯನ್ ಆಗೋ ಹೊತ್ತಿಗೆ ಈ ‘ರ್’ ರೂಪಗಳು ಪೂರ್ತಿ ಮಾಯ. ಖಾಲಿ ಬಿದ್ದ ಜಾಗಕ್ಕೆ ಇಬ್ಬರು ಬಂದರು. ಒಂದು, ‘ಇರು’ ಅನ್ನೋ ಕ್ರಿಯಾಪದದ ಜೋಡಿ. ಇನ್ನೊಂದು ನಮ್ಮ ‘ಸೆ’.

‘ಸೆ’ ಆ ಕೆಲಸಕ್ಕೆ ಬಂದದ್ದು ಒಂದೇ ದಿನದಲ್ಲಲ್ಲ. ಕ್ರಿಸ್ತಶಕ ಒಂದನೇ ಶತಮಾನದಲ್ಲೇ ರೋಮಿನ ಪ್ಲಿನಿ ತನ್ನ ದೊಡ್ಡ ನಿಸರ್ಗಗ್ರಂಥದಲ್ಲಿ, ಮಿರಿನಾ ಅನ್ನೋ ಊರು ತನ್ನನ್ನು ಸೆಬಾಸ್ತೋಪೊಲಿಸ್ ಅಂತ ‘ಕರೆದುಕೊಳ್ಳುತ್ತದೆ’ ಅನ್ನೋ ಅರ್ಥದಲ್ಲಿ ‘ಸೆ’ ಬಳಸಿದ್ದಾನೆ. ಊರಿಗೆ ಬಾಯಿ ಎಲ್ಲಿದೆ? ಜನ ಹಾಗೆ ಕರೀತಾರೆ ಅಷ್ಟೇ. ನಾವು ‘ಕರೆಸಿಕೊಳ್ಳುತ್ತದೆ’ ಅನ್ನಲ್ವಾ, ಹಾಗೆ. ಮೇಷ್ಟ್ರ ಹತ್ರ ಬೈಸಿಕೊಂಡೆ, ಅಪ್ಪನ ಹತ್ರ ಹೊಡೆಸಿಕೊಂಡೆ ಅನ್ನುವಾಗ ‘ಕೊಳ್ಳು’ ತನ್ನ ಹಳೇ ಕೆಲಸ ಬಿಟ್ಟು ಇದೇ ಹೊಸ ಕೆಲಸಕ್ಕೆ ಹೊರಟಿರುತ್ತೆ. ಇವತ್ತು ಸ್ಪ್ಯಾನಿಶ್ ಕಲಿಯೋರು ಮೊದಲ ದಿನ ಬಾಯಿಪಾಠ ಮಾಡೋ ‘ಮೆ ಯಾಮೊ’, ಅಂದ್ರೆ ನನ್ನ ಹೆಸರು ಇಂಥದ್ದು ಅನ್ನೋ ಮಾತು, ಇದೇ ಜಾತಿಯದು.

ಈ ಬದಲಾವಣೆ ಮೊದಲು ಅಚ್ಚಾದ ಪುಸ್ತಕವೊಂದರಲ್ಲಿ ಲೆಕ್ಕಕ್ಕೆ ಸಿಕ್ಕ ವರ್ಷ 1492. ಆ ವರ್ಷ ಆಗಸ್ಟ್ 3ಕ್ಕೆ ಕೊಲಂಬಸ್ ಪಾಲೋಸ್ ಬಂದರಿನಿಂದ ಹಡಗು ಬಿಟ್ಟ. ಅದೇ ಆಗಸ್ಟ್ 18ಕ್ಕೆ ಸಲಮಾಂಕಾದಲ್ಲಿ ಆಂತೋನಿಯೊ ದೆ ನೆಬ್ರಿಹಾ ಬರೆದ ಕಸ್ತೀಲಿಯನ್ ಭಾಷೆಯ ವ್ಯಾಕರಣ ಹೊರಬಂತು. ಕಸ್ತೀಲಿಯನ್ ಅಂದ್ರೆ ನಾವು ಇವತ್ತು ಸ್ಪ್ಯಾನಿಶ್ ಅನ್ನೋದು. ಲ್ಯಾಟಿನ್ನಿಗಿದ್ದ ಕರ್ಮಣಿ ರೂಪಗಳು ನಮ್ಮ ಭಾಷೆಗಿಲ್ಲ, ಆ ಕೊರತೆಯನ್ನು ನಾವು ‘ಸೆ’ ಸೇರಿಸಿ ತುಂಬಿಕೊಳ್ತೀವಿ ಅಂತ ನೆಬ್ರಿಹಾ ಅದರಲ್ಲಿ ಗುರುತಿಸಿದ. ಕ್ರಿಯೆ ಹೊರಟ ಜಾಗಕ್ಕೇ ಮರಳೋದರಿಂದ ಅದಕ್ಕೆ ‘ರೆತೋರ್ನೊ’, ಅಂದ್ರೆ ಹಿಂದಿರುಗುವಿಕೆ, ಅಂತ ಕರೆದ. ಸಂಪತ್ತನ್ನು ಜನ ಪ್ರೀತಿಸ್ತಾರೆ ಅನ್ನೋದನ್ನು ಸಂಪತ್ತು ತನ್ನನ್ನು ಪ್ರೀತಿಸಿಕೊಳ್ಳುತ್ತೆ ಅನ್ನೋ ರೂಪದಲ್ಲಿ ಹೇಳಬಹುದು ಅಂತ ಅವನ ಉದಾಹರಣೆ. ಪ್ರೀತಿಸೋ ಜನ ವಾಕ್ಯದಿಂದ ಎದ್ದುಹೋದರು. ಸಂಪತ್ತೊಂದೇ ಉಳಿಯಿತು.

ಇಲ್ಲಿಂದ ಮುಂದೆ ಇದು ಬರೀ ವ್ಯಾಕರಣದ ಕಥೆಯಾಗಿ ಉಳಿಯೋದಿಲ್ಲ. ಕೊಲಂಬಸ್ಸನ ಹಿಂದೆ ಹೋದ ಸ್ಪೇನಿನವರು ಅಮೆರಿಕದಲ್ಲಿ ‘ಎಂಕೊಮಿಯೆಂದಾ’ ಅನ್ನೋ ಪದ್ಧತಿ ನಡೆಸಿದರು. ಇಂತಿಷ್ಟು ಮೂಲನಿವಾಸಿಗಳನ್ನು ಒಬ್ಬ ಯಜಮಾನನ ವಶಕ್ಕೆ ಕೊಡೋದು, ಅವರ ಕಪ್ಪ, ದುಡಿಮೆ ಎಲ್ಲ ಅವನಿಗೆ. ಬಾರ್ತೊಲೊಮೆ ದೆ ಲಾಸ್ ಕಸಾಸ್ ಅನ್ನೋ ಪಾದ್ರಿ ಮತ್ತು ಅವರಂಥವರ ಒತ್ತಾಯಕ್ಕೆ ದೊರೆ ಐದನೇ ಚಾರ್ಲ್ಸ್ 1542ರಲ್ಲಿ ‘ಹೊಸ ಕಾನೂನು’ಗಳನ್ನು ತಂದ. ಮೂಲನಿವಾಸಿಗಳನ್ನು ಗುಲಾಮರಾಗಿಸುವಂತಿಲ್ಲ, ಯಜಮಾನ ಸತ್ತರೆ ಅವನ ಎಂಕೊಮಿಯೆಂದಾ ಮಕ್ಕಳಿಗೆ ಹೋಗುವಂತಿಲ್ಲ.

ದೂರದ ದೊರೆಯ ಆಜ್ಞೆ ಬಂದಾಗ ಅಲ್ಲಿನ ಅಧಿಕಾರಿಗಳು ಒಂದು ಶಾಸ್ತ್ರ ನಡೆಸ್ತಿದ್ದರು. ಕಾಗದಕ್ಕೆ ಮುತ್ತಿಟ್ಟು ತಲೆಯ ಮೇಲೆ ಇಟ್ಟುಕೊಳ್ಳೋದು. ನಾವು ‘ಶಿರಸಾವಹಿಸಿ’ ಅನ್ನೋದನ್ನು ಅವರು ಅಕ್ಷರಶಃ ಮಾಡ್ತಿದ್ದರು. ಆಮೇಲೆ, ಜಾರಿ ಮಾಡೋಕೆ ಆಗದ ಆಜ್ಞೆಯಾಗಿದ್ದರೆ, ಒಂದು ಮಾತು: ‘ಸೆ ಒಬೆದೆಸೆ, ಪೆರೊ ನೊ ಸೆ ಕುಂಪ್ಲೆ.’ ತಲೆಬಾಗಲಾಗಿದೆ, ಆದರೆ ನೆರವೇರಿಸಲಾಗುವುದಿಲ್ಲ. ಇದು ಬರೀ ತಲೆಹರಟೆ ಅಲ್ಲ, ಹಳೇ ಕಸ್ತೀಲಿಯನ್ ಕಾನೂನಿನಲ್ಲೇ ಇದಕ್ಕೆ ಜಾಗವಿತ್ತು. ದೊರೆಗೆ ಸ್ಥಳದ ಸ್ಥಿತಿ ಗೊತ್ತಿರೋದಿಲ್ಲ, ಆದ್ದರಿಂದ ತಡೆಹಿಡಿದು ಮನವಿ ಕಳಿಸಬಹುದು ಅನ್ನೋ ಏರ್ಪಾಡು. ಹೊಸ ಕಾನೂನಿಗೂ ಹೆಚ್ಚು ಕಡಿಮೆ ಅದೇ ಗತಿಯಾಯ್ತು. ಮೆಕ್ಸಿಕೊದಲ್ಲಿ 1544ರಲ್ಲಿ ಅದರ ಮುಖ್ಯ ಕಲಮುಗಳನ್ನು ತಡೆಹಿಡಿದರು. ಪೆರುವಿನಲ್ಲಿ ಬ್ಲಾಸ್ಕೊ ನೂನ್ಯೆಸ್ ವೇಲಾ ಅನ್ನೋ ವೈಸರಾಯ್ ಹಟ ಹಿಡಿದು ಜಾರಿ ಮಾಡೋಕೆ ಹೋದ. ಎಂಕೊಮಿಯೆಂದಾ ಯಜಮಾನರು ದಂಗೆ ಎದ್ದು 1546ರಲ್ಲಿ ಅವನನ್ನು ಕೊಂದೇಬಿಟ್ಟರು. ಅಷ್ಟರಲ್ಲಿ 1545ರಲ್ಲೇ ದೊರೆ ಮಕ್ಕಳಿಗೆ ಹೋಗುವಂತಿಲ್ಲ ಅನ್ನೋ ಕಲಮನ್ನು ವಾಪಸ್ ಪಡೆದಾಗಿತ್ತು.

ಆ ‘ಸೆ’ಯಲ್ಲಿ ತಲೆಬಾಗಿದ್ದು ಯಾರು? ನೆರವೇರಿಸದೇ ಬಿಟ್ಟದ್ದು ಯಾರು? ಹೆಸರಿಲ್ಲ. ಹೊಲದಲ್ಲಿ, ಗಣಿಯಲ್ಲಿ ದುಡೀತಿದ್ದವರಿಗೆ ಮಾತ್ರ ಅದರ ಫಲ ಸಿಕ್ಕಿತು. ಅದೇ ಮಾತು ‘ಒಬೆದೆಸ್ಕೊ, ಪೆರೊ ನೊ ಕುಂಪ್ಲೊ’ ಅನ್ನೋ ರೂಪದಲ್ಲೂ ಇದೆ, ‘ನಾನು ತಲೆಬಾಗುತ್ತೇನೆ, ಆದರೆ ನೆರವೇರಿಸೋದಿಲ್ಲ’ ಅಂತ. ಅಂದ್ರೆ ಭಾಷೆ ಯಾರನ್ನೂ ‘ಸೆ’ ಹಿಂದೆ ಬಚ್ಚಿಟ್ಟುಕೋ ಅಂತ ಬಲವಂತ ಮಾಡಿರಲಿಲ್ಲ. ಸ್ಪೇನಿನವರನ್ನು ನೋಡಿ ನಗೋ ಮೊದಲು ನಮ್ಮ ಯಾವುದಾದರೂ ಕಚೇರಿಯ ಕಾಗದ ತೆಗೆದು ಓದಿ. ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು.’ ಕೈಗೊಳ್ಳೋ ಕೈ ಯಾರದು? ನಮ್ಮ ‘ಲಾಗು’ ಕೂಡ ಒಳ್ಳೇ ಸರ್ಕಾರಿ ನೌಕರ.

ಮೂರು ಶತಮಾನ ಮುಂದೆ ಬರೋಣ. ಕಾರಕಾಸ್‌ನಲ್ಲಿ 1781ರಲ್ಲಿ ಹುಟ್ಟಿ, ಚಿಲಿಯಲ್ಲಿ ನೆಲೆಸಿದ ಆಂದ್ರೇಸ್ ಬೆಯ್ಯೊ ಅಂತ ಒಬ್ಬ ವಿದ್ವಾಂಸ. ಅವರು 1847ರಲ್ಲಿ ಅಮೆರಿಕದವರಿಗಾಗಿಯೇ ಒಂದು ಸ್ಪ್ಯಾನಿಶ್ ವ್ಯಾಕರಣ ಬರೆದರು. ಕೈ ತೊಳ್ಕೊಳ್ಳೋ ‘ಸೆ’ ಮತ್ತು ಬಾಗಿಲು ತೆರೆದುಕೊಳ್ಳೋ ‘ಸೆ’ ಎರಡೂ ನೋಡೋಕೆ ಒಂದೇ, ಆದರೆ ಬಾಗಿಲಿಗೆ ತನ್ನ ಮೇಲೆ ತಾನೇ ಏನೂ ಮಾಡಿಕೊಳ್ಳೋಕೆ ಬರೋದಿಲ್ಲ. ಇಂಥವನ್ನು ಬೆಯ್ಯೊ ಬೇರೆ ಮಾಡಿ ‘ಕ್ವಾಸಿ’, ಅಂದ್ರೆ ‘ಹಾಗೆ ತೋರುವ’, ಆತ್ಮಾರ್ಥಕ ಅಂತ ಹೆಸರಿಟ್ಟರು. ಇದೇ ಬೆಯ್ಯೊ ಚಿಲಿಯ ಸಿವಿಲ್ ಸಂಹಿತೆಯನ್ನೂ ಬರೆದವರು. ಅದು 1855ರಲ್ಲಿ ಅಂಗೀಕಾರವಾಗಿ 1857ರಿಂದ ಜಾರಿಗೆ ಬಂತು. ಅದರಲ್ಲೂ ಒಂದು ‘ಕ್ವಾಸಿ’ ಇದೆ, ‘ಕ್ವಾಸಿದೆಲಿತೊ’. ಕೇಡು ಮಾಡೋ ಉದ್ದೇಶವಿಲ್ಲದೆ ಅಜಾಗರೂಕತೆಯಿಂದ ಆದ ತಪ್ಪು. ಉದ್ದೇಶ ಇರಲಿ ಬಿಡಲಿ, ಇನ್ನೊಬ್ಬರಿಗೆ ನಷ್ಟ ಮಾಡಿದವರು ಕಟ್ಟಿಕೊಡಬೇಕು ಅನ್ನುತ್ತೆ ಆ ಕಾನೂನು. ಒಂದು ಪುಸ್ತಕದಲ್ಲಿ ಗಡಿಗೆ ‘ಒಡೆದುಹೋಗೋಕೆ’ ಅವಕಾಶ ಕೊಟ್ಟವರೇ ಇನ್ನೊಂದು ಪುಸ್ತಕದಲ್ಲಿ ಗಡಿಗೆಯ ದುಡ್ಡು ಯಾರು ಕೊಡಬೇಕು ಅಂತಲೂ ಬರೆದಿಟ್ಟರು.

ಈ ಎರಡರ ನಡುವೆ ಸ್ಪ್ಯಾನಿಶ್ ಜನ ದಿನಾ ಬಳಸೋ ಒಂದು ರಚನೆ ಇದೆ. ‘ಸೆ ಮೆ ಕಾಯೋ’, ನನ್ನ ಕೈಯಿಂದ ಬಿದ್ದುಹೋಯ್ತು. ‘ಸೆ ಮೆ ಒಲ್ವಿದೋ’, ನನಗೆ ಮರೆತುಹೋಯ್ತು. ಇಂಗ್ಲಿಷಿನಲ್ಲಿ ‘ನಾನು ಮರೆತೆ’ ಅಂತ ಕರ್ತೃವಾಗಿ ಎದ್ದು ನಿಲ್ಲಬೇಕು. ಕನ್ನಡದಲ್ಲೂ ಸ್ಪ್ಯಾನಿಶ್‌ನಲ್ಲೂ ಮರೆವು ತಾನಾಗಿ ಬಂದು ನನಗೆ ತಟ್ಟುತ್ತೆ. ಇಲ್ಲಿನ ‘ಸೆ’ ಕೆಲಸವನ್ನು ತಂತಾನೇ ಆಗಿಸುತ್ತೆ. ಪಕ್ಕದ ‘ಮೆ’ ಅದು ಯಾರ ಪಾಲಿಗೆ ಆಯ್ತು ಅಂತ ಹೇಳುತ್ತೆ.

ಇದರ ಮೇಲೆ ಕೇಟ್ಲಿನ್ ಫಾಸಿ ಮತ್ತು ಲೇರಾ ಬೊರೊಡಿಟ್ಸ್ಕಿ ಅನ್ನೋ ಇಬ್ಬರು ಸಂಶೋಧಕಿಯರು 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬಲೂನು ಒಡೆಯೋದು ಮುಂತಾದ ದೃಶ್ಯಗಳ ವಿಡಿಯೊ ತೋರಿಸಿದರು. ಕೆಲವನ್ನು ಬೇಕಂತಲೇ ಮಾಡಿದ್ದು, ಕೆಲವು ಅಕಸ್ಮಾತ್ ಆದದ್ದು. ಬೇಕಂತ ಮಾಡಿದ್ದು ಯಾರು ಅನ್ನೋದನ್ನು ಇಂಗ್ಲಿಷಿನವರೂ ಸ್ಪ್ಯಾನಿಶ್‌ನವರೂ ಒಂದೇ ಸಮ ನೆನಪಿಟ್ಟಿದ್ದರು. ಅಕಸ್ಮಾತ್ ಆದದ್ದರಲ್ಲಿ ಮಾತ್ರ ಸ್ಪ್ಯಾನಿಶ್‌ನವರು ಆ ವ್ಯಕ್ತಿಯನ್ನು ಕಡಿಮೆ ನೆನಪಿಟ್ಟುಕೊಂಡಿದ್ದರು. ಇದನ್ನೋದಿ ‘ಅವರ ಭಾಷೆಯೇ ಜಾರಿಕೊಳ್ಳೋ ಭಾಷೆ’ ಅಂತ ತೀರ್ಪು ಕೊಡೋದು ಸುಲಭ. ನನಗೆ ಒಪ್ಪಿಗೆಯಿಲ್ಲ. ‘ಒಡೆದುಹೋಯ್ತು’ ಅನ್ನೋ ಭಾಷೆಯಲ್ಲೇ ಹುಟ್ಟಿ ಬೆಳೆದ ನಮ್ಮಜ್ಜಿ ಯಾವ ಗಡಿಗೆ ಯಾರಿಂದ ಒಡೆದದ್ದು ಅನ್ನೋದನ್ನು ಇಪ್ಪತ್ತು ವರ್ಷ ಆದಮೇಲೂ ಹೇಳ್ತಿದ್ದಳು.

ಕಲಿಯೋರಿಗೆ ನನ್ನ ಲೆಕ್ಕ ಇಷ್ಟು. ‘ಸೆ’ ಕಂಡಾಗ ಅನುವಾದದ ಆ್ಯಪ್ ತೆಗೆಯೋ ಮೊದಲು ಒಂದೊಂದಾಗಿ ಕೇಳಿಕೊಳ್ಳಿ. ‘ಕೊ’ ಹೊಂದುತ್ತಾ? ಹೊಂದಿದರೆ ಮುಗೀತು. ಇಲ್ಲವಾ, ‘ಬಿಡು’ ಅಥವಾ ‘ಹೋಗು’ ಹಚ್ಚಿ ನೋಡಿ: ‘ಕೊಮೇರ್’ ತಿನ್ನು, ‘ಕೊಮೇರ್ಸೆ’ ತಿಂದುಬಿಡು; ‘ಈರ್’ ಹೋಗು, ‘ಈರ್ಸೆ’ ಹೊರಟುಹೋಗು. ಅದೂ ಇಲ್ಲವಾ, ‘ಲಾಗು’ ಇದ್ದೀತು: ಅಂಗಡಿ ಮುಂದಿನ ‘ಸೆ ಆಬ್ಲಾ ಎಸ್ಪಾನ್ಯೋಲ್’, ಇಲ್ಲಿ ಸ್ಪ್ಯಾನಿಶ್ ಮಾತಾಡಲಾಗುತ್ತೆ. ಕೆಲವಕ್ಕೆ ಯಾವುದೂ ಬೇಡ: ‘ಲೆವಂತಾರ್’ ಎಬ್ಬಿಸು, ‘ಲೆವಂತಾರ್ಸೆ’ ಸುಮ್ಮನೆ ಏಳು. ಕೊನೆಗೆ ಒಂದು ಮೋಸದ ‘ಸೆ’ ಇದೆ. ‘ಸೆ ಲೊ ದಿ’, ಅಂದ್ರೆ ಅದನ್ನು ಅವನಿಗೆ ಕೊಟ್ಟೆ. ಇದಕ್ಕೂ ತನ್ನತನಕ್ಕೂ ಸಂಬಂಧವೇ ಇಲ್ಲ. ಹಳೇ ಸ್ಪ್ಯಾನಿಶ್‌ನಲ್ಲಿ ‘ಅವನಿಗೆ’ ಅನ್ನೋದರ ಈ ರೂಪ ‘ಗೆ’ ಅಂತ ಬರೀತಿದ್ದ ಬೇರೆ ಪದ. ಉಚ್ಚಾರಣೆ ಹತ್ತಿರವಾಗಿ ‘ಸೆ’ಯೊಳಗೆ ಬೆರೆತುಹೋಯ್ತು. ಬೇರೆ ಬೇರೆ ಎರಡು ವೇರಿಯಬಲ್‌ಗೆ ಒಂದೇ ಹೆಸರಿಟ್ಟ ಹಾಗೆ, ಐನೂರು ವರ್ಷದಿಂದ ಯಾರೂ ಸರಿ ಮಾಡಿಲ್ಲ.

ಇನ್ನು ಆ ಶುಕ್ರವಾರದ ಕಾಲ್. ರಾತ್ರಿಯೆಲ್ಲ ಕೂತು ಬ್ಯಾಕಪ್‌ನಿಂದ ಡೇಟಾ ವಾಪಸ್ ತಂದಿದ್ದೆವು. ಮೇಲ್‌ನಲ್ಲಿ ನನ್ನ ಹೆಸರಿಲ್ಲ. ಸುಮ್ಮನಿದ್ದರೆ ಲಾಗ್ ಹುಡುಕಿ ತೆಗೆಯೋವರೆಗೆ ಒಂದೆರಡು ದಿನ ಯಾರಿಗೂ ಗೊತ್ತಾಗ್ತಿರಲಿಲ್ಲ, ಅಷ್ಟರಲ್ಲಿ ಅನುಮಾನ ನಮ್ಮ ಟೀಮಿನ ಹೊಸ ಹುಡುಗನ ಮೇಲೆ ಬೀಳ್ತಿತ್ತು. ಹಿಂದಿನ ದಿನ ಸರ್ವರ್ ಕೆಲಸ ಮಾಡ್ತಿದ್ದದ್ದು ನಾವಿಬ್ಬರೇ. ಕಾಲ್ ಶುರುವಾಯ್ತು. ಚಿಲಿಯವರು ಮತ್ತೆ ‘ಸೆ ಬೊರ್ರಾರೋನ್’ ಅಂತ ಶುರು ಮಾಡಿದರು. ನಾನು ಮೈಕ್ ಆನ್ ಮಾಡಿ, ನನ್ನ ಎರಡು ತಿಂಗಳ ಸ್ಪ್ಯಾನಿಶ್‌ನಲ್ಲಿ ಒಂದು ಪದ ಸೇರಿಸಿದೆ: ‘ಸೆ ಮೆ ಬೊರ್ರಾರೋನ್.’ ನನ್ನ ಕೈಯಿಂದ ಅಳಿಸಿಹೋಯ್ತು. ಮ್ಯಾನೇಜರ್‌ಗೆ ಇಂಗ್ಲಿಷಿನಲ್ಲೂ ಹೇಳಿದೆ, ಅಲ್ಲಿ ‘ನಾನು’ ಅಂತಲೇ ಶುರು ಮಾಡಬೇಕಾಯ್ತು. ಬೈಸಿಕೊಂಡೆ. ಸರ್ವರ್ ಹೆಸರು ಟೈಪ್ ಮಾಡದೇ ಸ್ಕ್ರಿಪ್ಟ್ ಓಡದ ಹಾಗೆ ಅದೇ ದಿನ ಬದಲಿಸಿದೆವು.

ಅಜ್ಜಿ ಅವತ್ತು ಕೇಳಿದ್ದೂ ಅಷ್ಟೇ ಅಲ್ವಾ? ‘ಯಾಕೆ ಒಡೆದೆ’ ಅಂತ ಕೇಳಲಿಲ್ಲ. ‘ಯಾರ ಕೈಯಿಂದ’ ಅಂತ ಕೇಳಿದ್ದು. ‘ನನ್ನ ಕೈಯಿಂದ’ ಅಂದೆ. ಹೊಡೀತಾಳೆ ಅಂತ ಕಣ್ಣು ಮುಚ್ಚಿಕೊಂಡಿದ್ದೆ. ಅಜ್ಜಿ ಪೊರಕೆ ತಂದು, ‘ಚೂರು ಕಾಲಿಗೆ ಚುಚ್ಚಾತು, ಅತ್ಲಾಗೆ ನಿಂತ್ಕೊ’ ಅಂದಳು.